ಮೇಜಿನ ಮೇಲಿನ ಮುಚ್ಚಳ

೧೨ ಜುಲೈ, ಶನಿವಾರ. ಸೂಲಿಬೆಲೆ.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಇಂದೂ ಬರಲಿಲ್ಲ. ಮಂಗಳವಾರ ಅವರು ತಂದ ಬಸ್ಸಾರಿನ ಮೇಲೆ ನೊಣ ಕೂತಿತು. "ನಿಮ್ಮ ತಿಪ್ಪೆ ನೊಣಾನೂ ಜೊತೆಗೆ ತಂದಿದ್ದೀರಮ್ಮ, ವಾಂತಿಭೇದಿಗೆ ಇಷ್ಟೇ ಸಾಕು" ಎಂದೆ.

"ಮುಚ್ಕೊಂಡೇ ತಂದೆ ಮೇಷ್ಟ್ರೇ, ತೆಗೆದಿದ್ದು ನಿಮ್ಮನೇಲಿ" ಎಂದು ಪಾತ್ರೆ ಎತ್ತಿಕೊಂಡು ಹೊರಟುಹೋದರು.

ಇಂದು ಹಿತ್ತಲಿನ ನನ್ನ ಕಸದ ಬಕೆಟ್ಟನ್ನು ಬಗ್ಗಿಸಿದೆ. ತಳದಲ್ಲಿ, ಬಾಳೆಹಣ್ಣಿನ ಸಿಪ್ಪೆಯ ನಡುವೆ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು. ಅವೇ ನೊಣಗಳಾಗುತ್ತವೆಂದು ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ಎಲ್ಲವನ್ನೂ ಆಳವಾಗಿ ಹೂತು, ಬಕೆಟ್ಟನ್ನು ತೊಳೆದು ಮುಚ್ಚಿಟ್ಟೆ.

ಈಗ ಮನೆಯಲ್ಲಿ ನೊಣದ ಸದ್ದೂ ಇಲ್ಲ.

ಅವರ ಪಾತ್ರೆಯ ಮುಚ್ಚಳ ನನ್ನ ಮೇಜಿನ ಮೇಲೆಯೇ ಉಳಿದಿದೆ. ಅದನ್ನು ಕೇಳಲಾದರೂ ಬರುವರೆಂದು ನಾಲ್ಕು ದಿನ ಕಾದೆ. ನಾಳೆ ನಾನೇ ಕೊಂಡೊಯ್ದು, ತಪ್ಪು ನನ್ನದೆಂದು ಹೇಳಿ ಬರುತ್ತೇನೆ.