ಮೆಟ್ಟಿಲಿಂದ ಬಿದ್ದದ್ದಲ್ಲ

ಬೈಲಹೊಂಗಲ
೨೩ ನವೆಂಬರ್ ೨೦೨೫, ರವಿವಾರ ಮುಂಜಾನೆ

ನನ್ನ ಮುದ್ದು ಕಾಂತೇಶಣ್ಣಾ,

ಹೇಗಿದ್ದೀಯಾ? ಕೊಲ್ಹಾಪುರದ ನೀರು ಒಗ್ಗಿತೇ? ಖಾನಾವಳಿಯಲ್ಲಿ ಹೊಟ್ಟೆ ತುಂಬ ಹಾಕುತ್ತಾರೋ ಇಲ್ಲವೋ? ನಿನಗೆ ಥಂಡಿಯಲ್ಲಿ ಕೆಮ್ಮು ಬರುತ್ತದೆ, ಗ್ಯಾರೇಜಿನ ನೆಲದ ಮೇಲೆ ಮಲಗಬೇಡ. ಆರು ತಿಂಗಳಿಂದ ನನ್ನ ಫೋನು ಎತ್ತಿಲ್ಲ ನೀನು. ಬಿಡು, ಅದಕ್ಕೇ ಅವ್ವನ ಹತ್ತಿರ ವಿಳಾಸ ಇಸಕೊಂಡು ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲಿಕ್ಕೆ ಬರುವುದಿಲ್ಲ. ಹತ್ತನೇ ತರಗತಿಯ ಮೇಲೆ ಇಷ್ಟುದ್ದ ಕನ್ನಡ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನೀನೇ ತಿದ್ದಿಕೋ.

ನಾನು ಚೆನ್ನಾಗಿದ್ದೇನೆ ಅಣ್ಣಾ, ಬಹಳ ಬಹಳ ಚೆನ್ನಾಗಿದ್ದೇನೆ. ನಮ್ಮವರು ಎಪಿಎಂಸಿಯ ಅಂಗಡಿ ಮುಚ್ಚಿ ಬರುವಾಗ ದಿನಾ ಒಂದು ಪೊಟ್ಟಣ ಮಿರ್ಚಿ ಭಜಿ ತರುತ್ತಾರೆ, ಅಡುಗೆಮನೆಯ ಹಿಂದೆ ನಿಂತು ಇಬ್ಬರೂ ತಿನ್ನುತ್ತೇವೆ. ನಾಲ್ಕು ಕಿಲೋ ಹೆಚ್ಚಾಗಿದ್ದೇನೆ. ಮದುವೆಯ ಬ್ಲೌಸು ಒಂದೂ ಹಿಡಿಸುವುದಿಲ್ಲ, ಅತ್ತೆಯವರೇ ಮಂಚದ ಮೇಲೆ ಕೂತು ಹೊಲಿಗೆ ಬಿಚ್ಚಿ, ಸೂಜಿ ದಾರದಿಂದ ಮತ್ತೆ ಹಾಕಿಕೊಟ್ಟರು. ‘ಸಪ್ನಾ, ಹಿಂಗ ತಿಂದ್ರ ನಾ ಇನ್ನ ಗೋಣೀಚೀಲಾನ ಹೊಲೀಬೇಕವಾ’ ಅಂದರು. ಕೈಯಿಂದಲೇ ಹೊಲಿಯುತ್ತಾರೆ. ಹೊಲಿಗೆ ಮಷಿನ್ನಿಗೆ ಹೊದಿಸಿದ ಬಟ್ಟೆಯನ್ನು ಮೇ ತಿಂಗಳಿಂದ ಯಾರೂ ತೆಗೆದಿಲ್ಲ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೋರ್ಟಿನಲ್ಲಿ ಹೀಗೆಯೇ ಕ್ರಮವಾಗಿ ಹೇಳಬೇಕಂತೆ. ಮೇ ತಿಂಗಳಲ್ಲಿ ಮದುವೆ ಮುಗಿಸಿ ರಾಮದುರ್ಗದಿಂದ ನನ್ನನ್ನು ಈ ಮನೆಗೆ ಕರೆತರುವಾಗ ನೀನು ಓಡಿಸಿದ್ದು ಸವದತ್ತಿಯ ಬಸಲಿಂಗಪ್ಪ ಸೋದರಮಾವನ ಹೊಸ ಕಾರು, ಗೇರು ಹಾಕುವ ಕೆಲಸವೇ ಇಲ್ಲದ್ದು. ಬಾಗಿಲ ಮುಂದೆ ನಿಲ್ಲಿಸಿದೆ. ಗುರವ್ವ ಅತ್ತೆ ಆರತಿ ತಟ್ಟೆ ಹಿಡಿದು ಕಾರಿನ ಎದುರಿಗೇ ಬಂದು ನಿಂತರು. ನಿನ್ನ ಕಾಲು ಬ್ರೇಕ್ ಬಿಟ್ಟಿತು, ಕಾರು ತಾನೇ ಮುಂದೆ ಸರಿಯಿತು, ಗಾಬರಿಯಲ್ಲಿ ನೀನು ಬ್ರೇಕೆಂದು ಒತ್ತಿದ್ದು ಎಕ್ಸಲರೇಟರ್. ಅತ್ತೆಯ ಬಲಗಾಲು ಬಂಪರಿಗೂ ರಸ್ತೆ ಬದಿಯ ಕಲ್ಲಿನ ಕಟ್ಟೆಗೂ ನಡುವೆ ಸಿಕ್ಕಿತು. ಅಷ್ಟೇ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಮ್ಮ ಅಪ್ಪಾ ಏನೆಂದರು? ‘ಮೆಟ್ಟಲಾ ಇಳಿಯೂ ಮುಂದ ಕಾಲ ಜಾರಿ ಬಿದ್ರಿ’ ಅಂದರು. ಇಲ್ಲಿಯ ಹಿರಿಯರೆಲ್ಲ ಗೋಣು ಹಾಕಿದರು. ಸೊಸೆ ಕಾಲಿಟ್ಟ ದಿನವೇ ಪೊಲೀಸರು ಮನೆಗೆ ಬರಬಾರದಲ್ಲ. ಸ್ಟ್ರೆಚರಿನ ಮೇಲಿಂದ ಅತ್ತೆಯೂ, ‘ಬೀಗರ ಹೆಸರ ತಗೀಬ್ಯಾಡ್ರಿ’ ಅಂದರು. ಎಲ್ಲರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಡಾಕ್ಟರ ಕಾಗದದಲ್ಲಿ ಸುಳ್ಳು ಬರೆಸಿದರು. ಮೊಣಕಾಲಿಗೆ ಇನ್ನೊಂದು ಆಪರೇಷನ್ ಆಗಲೇಬೇಕು, ಇಲ್ಲದಿದ್ದರೆ ಕಾಲು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ, ಹತ್ತೊಂಬತ್ತು ದಿನ ತಡವಾಗಿ, ಪೊಲೀಸರಿಗೆ ದೂರು ಕೊಟ್ಟದ್ದು. ಅಷ್ಟರಲ್ಲಿ ನೀನು ಊರು ಬಿಟ್ಟಿದ್ದೆ.

ಕಳೆದ ಗುರುವಾರ ಇಲ್ಲಿಯ ಕೋರ್ಟಿನಲ್ಲಿ ವಿಮಾ ಕಂಪನಿಯ ಜೊತೆ ರಾಜಿ ಮಾತುಕತೆ ಇತ್ತು. ನಮ್ಮ ವಕೀಲರು ಭಾಗೀರಥಿ ಮೇಡಂ. ಅತ್ತೆ ಹಾಕಿದ ಪರಿಹಾರದ ಕೇಸು ಬಸಲಿಂಗಪ್ಪ ಮಾವನ ಮೇಲೆ ಮತ್ತು ಕಂಪನಿಯ ಮೇಲೆ, ಆದರೆ ಕೊಡುವುದು ಕಂಪನಿ, ಮಾವ ತುಂಬಿದ ಪಾಲಿಸಿಯಿಂದ. ಇದನ್ನು ಮಾವನಿಗೆ ತಿಳಿಸಿ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ಅವನೂ ಅಪ್ಪಾನೂ ಬಂದಿದ್ದರು. ಬರುವಾಗ ಅಪ್ಪಾ ಏನು ತಂದಿದ್ದರು ಗೊತ್ತೇ? ಬೀಗರಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ. ನಮ್ಮ ಕೇಸು ಕರೆಯುವುದು ತಡವಾಯಿತು, ಕೋರ್ಟಿನ ಬೇವಿನ ಗಿಡದ ಕೆಳಗೆ ಬೆಂಚಿನ ಮೇಲೆ ಕೂತು ಅತ್ತೆ, ಬಸಲಿಂಗಪ್ಪ ಮಾವ, ಅಪ್ಪಾ ಮೂವರೂ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಕಂಪನಿಯ ಅಧಿಕಾರಿ ಅದೇ ದಾರಿಯಿಂದ ಬಂದ. ಒಳಗೆ ಹೋದ ಕೂಡಲೇ, ‘ನೋಡ್ರಿ ಮೇಡಂ, ಕೇಸ್ ಹಾಕಿದವರು, ಹಾಕಿಸಿಕೊಂಡವರು ಒಂದ ಡಬ್ಬಿಯೊಳಗ ಉಣ್ಣಾಕತ್ತಾರ. ಇದು ಕೂಡಿ ಮಾಡಿದ ಕೇಸಲ್ಲದ ಮತ್ತೇನ್ರಿ?’ ಅಂದ. ಅತ್ತೆ ಸುಮ್ಮನಿರಲಿಲ್ಲ. ‘ಬೀಗ್ರು ಇಷ್ಟ ದೂರ ಹೊತ್ತು ತಂದಾರ, ಒಲ್ಲೆ ಅನ್ನಲೇನ್ರಿ? ನೀವೂ ಒಂದು ತಗೋರಿ, ಆಮ್ಯಾಲ ಜಗಳಾಡೂಣು’ ಅಂದರು. ಟೈಪು ಮಾಡುವವನು ನಕ್ಕ, ಅಧಿಕಾರಿ ನಗಲಿಲ್ಲ.

ಆಸ್ಪತ್ರೆಯ ಕಾಗದ ಮೇಜಿನ ಮೇಲಿಟ್ಟು ‘ಮೆಟ್ಟಿಲಿಂದ ಬಿದ್ದದ್ದು’ ಎಂಬಲ್ಲಿ ಬೆರಳಿಟ್ಟ. ಕಾನೂನಿನ ಪ್ರಕಾರ ಒಂದು ಪೈಸೆಯೂ ಬರುವುದಿಲ್ಲ, ಆದರೂ ವಯಸ್ಸಾದವರೆಂದು ಒಂದು ಲಕ್ಷ ಇಪ್ಪತ್ತು ಸಾವಿರ ಕೊಡುತ್ತೇವೆ ಅಂದ. ಮೊದಲನೆಯ ಆಪರೇಷನ್ನಿನ ಬಿಲ್ಲಿನ ಅರ್ಧವೂ ಅಲ್ಲ ಅದು. ಇಪ್ಪತ್ತೆಂಟು ವರ್ಷ ಕಾಲಿನಿಂದ ಮಷಿನ್ನು ತುಳಿದು ಮಗನನ್ನು ಓದಿಸಿದವರು ಎಂದು ಮೇಡಂ ಹೇಳಿದರೆ, ‘ಮೋಟಾರ ಕೂಡಸ್ರಿ, ಕಾಲ ಯಾಕ ಬೇಕು’ ಅಂದ. ಅತ್ತೆ, ‘ನೀವೂ ಕುಂತಲ್ಲೇ ಸಹಿ ಮಾಡ್ತೀರಲ್ರಿ ಸಾಹೇಬ್ರ, ನಿಮ್ಮ ಕಾಲು ಯಾರಿಗರ ಕೊಟ್ಟು ಬಂದೀರೇನು?’ ಅಂದರು. ನನಗೆ ಅಪ್ಪಿಕೊಳ್ಳಬೇಕು ಅನಿಸಿತು. ಆಮೇಲೆ ಅವನು ಇಂಗ್ಲಿಷಿನಲ್ಲಿ ಮೇಡಂಗೆ, ಮುದುಕಿ ಹೇಗೂ ಒಪ್ಪುತ್ತಾಳೆ, ಇವತ್ತೇ ಹೆಬ್ಬೆಟ್ಟು ಒತ್ತಿಸಿ ಮುಗಿಸಿ ಅಂದ. ನಾನು ಅಲ್ಲಿಯೇ ತಲೆ ತುಂಬ ಸೆರಗು ಹೊದ್ದು ನಿಂತಿದ್ದೆ. ಅವನ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ: ಇವರು ಹೆಬ್ಬೆಟ್ಟು ಒತ್ತುವುದಿಲ್ಲ, ಸಹಿ ಮಾಡುತ್ತಾರೆ, ಆದರೆ ಈ ಕಾಗದಕ್ಕೆ ಮಾಡುವುದಿಲ್ಲ, ಕಾರು ಓಡಿಸಿದವನೇ ಬಂದು ನಡೆದದ್ದನ್ನು ಹೇಳುತ್ತಾನೆ. ಅವನು ಫೈಲು ಮುಚ್ಚಿ, ‘ಬರಲಿ ನೋಡೋಣ’ ಅಂದ. ಡಿಸೆಂಬರ್ ಐದಕ್ಕೆ ದಿನ ಕೊಟ್ಟಿದ್ದಾರೆ, ಶುಕ್ರವಾರ.

ಹಾಗೆ ನಿನ್ನನ್ನು ಕೇಳದೆಯೇ ನಿನ್ನ ಪರವಾಗಿ ಮಾತು ಕೊಟ್ಟು ಬಂದಿದ್ದೇನೆ. ಬೈದುಕೋ. ಮೇಡಂ ಹೇಳುವ ಪ್ರಕಾರ ನೀನು ತಪ್ಪು ಒಪ್ಪಿಕೊಂಡರೆ ದಂಡ ಕಟ್ಟಬೇಕಾಗಬಹುದು, ಪೊಲೀಸರ ಕಾಗದದಲ್ಲಿ ಹೆಸರು ಉಳಿಯಬಹುದು. ಸಣ್ಣ ಮಾತಲ್ಲ, ನನಗೆ ಗೊತ್ತು. ಆದರೆ ನೀನು ಬರದಿದ್ದರೆ ಕಂಪನಿ ಮೆಟ್ಟಿಲನ್ನೇ ಹಿಡಿದುಕೊಂಡು ಕೂರುತ್ತದೆ, ಅತ್ತೆಯ ಕಾಲು ಹಾಗೆಯೇ ಉಳಿಯುತ್ತದೆ. ಅಪ್ಪಾ ಈಗಲೂ ‘ಕೊಟ್ಟಷ್ಟ ತಗೊಂಡ ಬಿಡ್ರಿ, ಬೀಗರ ನಡುವ ಕೋರ್ಟ ಯಾಕ’ ಅನ್ನುತ್ತಿದ್ದಾರೆ. ನಾನು ಬಿಡುವುದಿಲ್ಲ. ಹಿಂದಿನ ದಿನ, ಗುರುವಾರ ಸಂಜೆಯೇ ಬೆಳಗಾವಿ ಬಸ್ಸು ಹತ್ತು, ಅಲ್ಲಿಗೆ ನಮ್ಮವರು ಬೈಕು ತರುತ್ತಾರೆ.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ನಮ್ಮವರು ನಮಸ್ಕಾರ ಹೇಳಿದ್ದಾರೆ, ನಾನು ಒಂದು ಗುದ್ದು ಮತ್ತು ಒಂದು ಬುಟ್ಟಿ ಪ್ರೀತಿ ಕಳಿಸಿದ್ದೇನೆ.

ನಿನ್ನ ತಂಗಿ,
ಸಪ್ನಾ

ತಾ.ಕ.: ಮಧ್ಯಾಹ್ನವಾಗಿದೆ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಕ್ರಮವಾಗಿ ಬರೆಯುತ್ತೇನೆ ಎಂದು ಹೇಳಿ ಒಂದು ಮಾತು ಬಿಟ್ಟಿದ್ದೇನೆ, ನೀನೂ ಅದನ್ನು ಯಾರಿಗೂ ಹೇಳಿಲ್ಲ. ನಿನ್ನ ಕಾಲು ಸುಮ್ಮನೆ ಬ್ರೇಕ್ ಬಿಡಲಿಲ್ಲ. ಹಿಂದಿನ ಸೀಟಿನಿಂದ ನಾನು ಫೋನು ಹಿಡಿದು ‘ಅಣ್ಣಾ, ಇತ್ತಾಗ ನೋಡು, ಸ್ವಲ್ಪ ನಗು’ ಅಂದೆ, ನೀನು ತಿರುಗಿದೆ. ಆ ಫೋಟೋ ನನ್ನ ಹತ್ತಿರ ಇದೆ. ನೀನು ನಗುತ್ತಿದ್ದೀಯಾ, ನಿನ್ನ ಹಿಂದೆ ಗಾಜಿನಾಚೆ ಅತ್ತೆ ತಟ್ಟೆ ಹಿಡಿದು ರಸ್ತೆಯ ಮೇಲೆ ನಿಂತಿದ್ದಾರೆ, ಮೆಟ್ಟಿಲು ಎಷ್ಟೋ ದೂರ ಇದೆ, ತಾರೀಖು ಗಂಟೆ ಎಲ್ಲ ಇದೆ. ಆರು ತಿಂಗಳು ಬಚ್ಚಿಟ್ಟೆ. ನೀನು ಊರು ಬಿಟ್ಟದ್ದು ಪೊಲೀಸರಿಗೆ ಹೆದರಿ ಅಲ್ಲ, ಈ ಮನೆಯಲ್ಲಿ ನನ್ನ ಹೆಸರು ಕೆಡಬಾರದೆಂದು. ಗೊತ್ತಿದ್ದೂ ನಿನಗೇ ಬಾ, ಒಪ್ಪಿಕೋ ಎಂದು ಬರೆದೆನಲ್ಲ, ನಾಚಿಕೆಯಾಯಿತು. ಈಗ ಅತ್ತೆಗೆ ತೋರಿಸಿದೆ, ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿದರು, ಊಟಕ್ಕೂ ಏಳಲಿಲ್ಲ. ಎರಡು ತಾಸಿನ ಮೇಲೆ, ಮುಖ ತಿರುಗಿಸದೆ, ‘ನಾಳಿ ಅದನ್ನ ವಕೀಲರಿಗೆ ಕೊಡು. ಮೆಟ್ಟಲದ ಸುಳ್ಳಿನ್ಯಾಗ ನಂದೂ ಪಾಲೈತಿ. ನಿಮ್ಮಣ್ಣಗ ಬಾ ಅನ್ನು, ಅಂವ ಒಬ್ಬನ ಯಾಕ ಹೊತಗೊಂಡು ತಿರಗಬೇಕು’ ಅಂದರು. ನಾಳೆ ಹತ್ತು ಗಂಟೆಗೆ ಕೊಡುತ್ತೇನೆ, ನೀನು ಬಂದರೂ ಬರದಿದ್ದರೂ. ಹೊರಗೆ ನಮ್ಮವರ ಬೈಕು ಬಂದು ನಿಂತಿತು. ಇವರಿಗೂ ಈಗಲೇ ಹೇಳಿಬಿಡುತ್ತೇನೆ.