ಗಡಿ ದಾಟಿದ ಬಂದೂಕು, ಕಪಾಟು ದಾಟದ ಲೈಸೆನ್ಸ್

ಬಂದೂಕಿನ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಈಗ ರಾತ್ರಿ ಎರಡು ಗಂಟೆ ನಲವತ್ತು ನಿಮಿಷ. ಮೀರಜ ಕಡೆಯಿಂದ ಬಂದ ರೈಲು ಶೇಡಬಾಳದ ಹತ್ತಿರ ಹಾಕಿದ ಸೀಟಿಗೆ ಎಚ್ಚರವಾಯಿತು. ಎಚ್ಚರ ಅನ್ನುವುದೂ ದೊಡ್ಡ ಮಾತೇ. ಎಂಟು ತಿಂಗಳ ಮಗಳಿಗೆ ಹಾಲು ಕುಡಿಸುತ್ತ ಗೋಡೆಗೆ ತಲೆ ಆನಿಸಿದ್ದೆ, ಅಷ್ಟೆ. ಆ ರೈಲು ದಿನವೂ ಯಾರ ಅಪ್ಪಣೆಯನ್ನೂ ಕೇಳದೆ ರಾಜ್ಯ ದಾಟುತ್ತದೆ. ನನ್ನ ಗಂಡ ಸಮ್ಮೇದ ನಿಮ್ಮ ಅಪ್ಪಣೆಗಾಗಿ ಒಂಬತ್ತು ತಿಂಗಳು ಕಾದು, ಕಡೆಗೆ ಅಪ್ಪಣೆಯಿಲ್ಲದೆ ದಾಟಿ, ನಿನ್ನೆ ಸಂಜೆಯಿಂದ ಗಡಿಯಾಚೆಯ ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿದ್ದಾರೆ. ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡಿದ್ದರು ಎಂಬುದು ಅವರ ಮೇಲಿನ ಆರೋಪ. ಲೈಸೆನ್ಸ್ ಇದೆ. ನಿಮ್ಮ ಕಪಾಟಿನಲ್ಲಿದೆ.

ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆಯಲ್ಲಿ ಬಂದೂಕು ಯಾಕೆ ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. ಗಂಡನ ಅಜ್ಜ ನೇಮಿನಾಥರು ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮು ಕಾಯಲು ತಂದ ಜೋಡುನಳಿಗೆಯ ಬಂದೂಕು ಅದು. ವ್ಯಾಪಾರ ನಿಂತಿತು, ಅಜ್ಜನೂ ಹೋದರು, ಲೈಸೆನ್ಸ್ ಮೊಮ್ಮಗನ ಹೆಸರಿಗೆ ಬಂತು. ಹತ್ತೊಂಬತ್ತು ವರ್ಷಗಳಿಂದ ನಮ್ಮ ಮನೆಗೆ ಒಂದು ಕಾಡತೂಸೂ ಬಂದಿಲ್ಲ. ವರ್ಷಕ್ಕೊಮ್ಮೆ ಮಾತ್ರ ಅದಕ್ಕೆ ಕೆಲಸ. ಖಂಡೇನವಮಿಯ ದಿನ ಗಡಿಯಾಚೆ, ನಮ್ಮ ಮನೆಯಿಂದ ಹನ್ನೊಂದು ಕಿಲೋಮೀಟರ್ ದೂರದ ಮೂಲಮನೆಯಲ್ಲಿ, ಅಣ್ಣತಮ್ಮಂದಿರ ಮನೆಗಳ ಆಯುಧಗಳನ್ನೆಲ್ಲ ಒಂದೇ ಕಂಬಳಿಯ ಮೇಲೆ ಇಟ್ಟು ಪೂಜೆ ಮಾಡಬೇಕು. ಹೊಲ ಪಾಲಾಗಲಿ, ಬಾವಿ ಪಾಲಾಗಲಿ, ನವಮಿಯ ಕಂಬಳಿ ಪಾಲಾಗಬಾರದು ಎಂದು ಹಿರಿಯರು ಕಟ್ಟಿದ ಕಟ್ಟಳೆ. ಒಂದು ಕತ್ತಿ ಕಡಿಮೆ ಬಿದ್ದರೂ ಆರತಿ ಎತ್ತುವುದಿಲ್ಲ. ಕಂಬಳಿ ಹಾಸಿದ ಕಾಲಕ್ಕೆ ಅದು ಬೇರೆ ರಾಜ್ಯವಾಗಿರಲಿಲ್ಲ. ನೀವು ಗೆರೆ ಎಳೆದಿರಿ, ನಾವು ಕಂಬಳಿ ಸರಿಸಲಿಲ್ಲ. ನಮ್ಮ ತಪ್ಪು ಅಷ್ಟು.

ಆ ತಪ್ಪನ್ನು ಕಾಯಿದೆಯೊಳಗೆ ತರಲು ಹಟ ಹಿಡಿದವಳು ನಾನೇ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ, ಒಕ್ಕೂಟ ವ್ಯವಸ್ಥೆಯ ಬಗ್ಗೆ ಹದಿನಾರು ಅಂಕದ ಉತ್ತರ ಬರೆದ ಸೊಕ್ಕು. ಲೈಸೆನ್ಸಿನ ಅವಧಿ ಮುಗಿಯಲು ಇನ್ನೂ ಎರಡು ತಿಂಗಳಿರುವಾಗ, ತುಂಬು ಬಸುರಿ, ನಾನೇ ಅರ್ಜಿ ಬರೆದೆ. ನವೀಕರಿಸಿ ಕೊಡಿ, ಪಕ್ಕದ ರಾಜ್ಯಕ್ಕೂ ವಿಸ್ತರಿಸಿ ಕೊಡಿ, ಎರಡೇ ಬೇಡಿಕೆ. ಗಂಡನ ಜೊತೆ ನಿಮ್ಮ ಕಚೇರಿಗೂ ಬಂದೆ. ಗುಮಾಸ್ತರು ಲೈಸೆನ್ಸ್ ಪುಸ್ತಕ ಒಳಗಿಟ್ಟುಕೊಂಡು ಒಂದು ಪಾವತಿ, ಅಂದರೆ ಅರ್ಜಿ ತಲುಪಿದ ರಸೀದಿ, ಕೊಟ್ಟರು. ಆಮೇಲೆ ಮೂರು ಸಲ ಅಲೆದೆವು. ಮೂರನೆಯ ಸಲ, ಹೋದ ತಿಂಗಳು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅದೇ ಗುಮಾಸ್ತರನ್ನು ಕೇಳಿದೆ:

"ನವಮಿ ಬಂತ್ರಿ ಸರ್. ಪುಸ್ತಕ ಇಲ್ಲದ ಹೆಂಗ ಒಯ್ಯೋದು?"

"ಅಕ್ಕಾರ, ಈ ಪಾವತಿನ ಲೈಸೆನ್ಸ್ ಅಂತ ತಿಳೀರಿ. ಆಫೀಸಿನ ಗೋಲ ಶಿಕ್ಕಾ ಒತ್ತೇವಿ ನೋಡ್ರಿ. ಯಾರೂ ಕೇಳಾಂಗಿಲ್ಲ."

"ಗಡಿ ದಾಟಿದ ಮ್ಯಾಲ?"

"ಎಲ್ಲೈತ್ರಿ ಗಡಿ? ನಮ್ಮ ಬೀಗರೆಲ್ಲಾ ಅತ್ಲಾಕಡಿನ ಅದಾರ. ತಿಂಗಳಿಗೊಮ್ಮಿ ನಾನೂ ಹೋಗಿ ಬರ್ತೀನಿ."

"ಬಂದೂಕ ತಗೊಂಡು ಹೋಗ್ತೀರೇನ್ರಿ?"

"ನನಗ್ಯಾಕರಿ ಬಂದೂಕು? ಹೆಂಡತಿ ಜೋಡೀಗೆ ಇರ್ತಾಳ!"

ಎಲ್ಲರೂ ನಕ್ಕರು. ನಾನೂ ನಕ್ಕೆ ಸ್ವಾಮಿ, ಅದೇ ಈಗ ಎದೆಗೆ ಚುಚ್ಚುತ್ತಿದೆ. ನಿನ್ನೆ ಬೆಳಿಗ್ಗೆ ಆ ಪಾವತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅವರ ಅಂಗಿಯ ಜೇಬಿಗೆ ಇಟ್ಟವಳೂ ನಾನೇ.

ಹೋಗುವಾಗ ಯಾರೂ ತಡೆಯಲಿಲ್ಲ. ಪೂಜೆ ಮುಗಿಸಿ ಬರುವಾಗ, ಗಡಿ ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಲ್ಲಿ ನಾಕಾಬಂದಿ. ಬೈಕಿನ ಹಿಂದೆ ಕಟ್ಟಿದ್ದ ಗಂಟು ಬಿಚ್ಚಿಸಿದರು. ಇವರು ಪಾವತಿ ತೋರಿಸಿದರು. ಅದು ಕನ್ನಡದಲ್ಲಿತ್ತು. "ಪಾವತಿ ನಕೋ, ಲಾಯಸನ್ಸ್ ದಾಖವಾ" ಎಂದರಂತೆ, ಪಾವತಿ ಬೇಡ, ಲೈಸೆನ್ಸ್ ತೋರಿಸಿ ಎಂದು. ಕಂಪ್ಯೂಟರಿನಲ್ಲಿ ನೋಡಿದರೆ ಅವಧಿ ಮುಗಿದಿದೆ, ನವೀಕರಣ ಆಗಿಲ್ಲ ಎಂದು ಬಂತಂತೆ. ಆ ಪೊಲೀಸರನ್ನು ನಾನು ದೂರುವುದಿಲ್ಲ. ಕಾಗದ ಕೇಳುವುದು ಅವರ ಕೆಲಸ. ಕಾಗದ ಕೊಡುವುದು ಯಾರ ಕೆಲಸವಾಗಿತ್ತು?

ರಾತ್ರಿ ಒಂಬತ್ತಕ್ಕೆ ಒಬ್ಬ ಪೇದೆಯ ಮೊಬೈಲಿನಿಂದ ಮಾತಾಡಿದರು. "ಬ್ರಾಹ್ಮಿ, ಅಂಜಬ್ಯಾಡ. ಬಂದೂಕಿಗೆ ಹಾಕಿದ್ದ ಚೆಂಡುಹೂವಿನ ಮಾಲಿ ಸೈತ ಪಂಚನಾಮೆದಾಗ ಬರಕೊಂಡಾರ" ಎಂದು ನಗಲು ನೋಡಿದರು. ಊಟವೇನು ಎಂದೆ. "ಭಾಕರಿ ಕೊಟ್ಟಿದ್ರು, ಪಾಪ. ಹೊತ್ತು ಮುಣಗಿತ್ತು" ಎಂದರು. ಆಮೇಲೆ ಫೋನ್ ಬೇರೆಯವರ ಕೈಗೆ ಹೋಯಿತು.

ಮೂಲಮನೆಯ ದೊಡ್ಡಪ್ಪ ವೃಷಭ ಅವರು ಠಾಣೆಯ ಬಾಕಿನ ಮೇಲೆ ಕೂತಿದ್ದಾರೆ. ಅವರು ಫೋನಿನಲ್ಲಿ ಹೇಳಿದ ಮಾತಿಗಾಗಿಯೇ ಈ ಪತ್ರ. "ಠಾಣೆದ ಸಾಹೇಬ ಕೆಟ್ಟಾಂವ ಅಲ್ಲವ್ವಾ. ನಿಮ್ಮ ಕಡಿ ಲೈಸೆನ್ಸ್ ಆಫೀಸಿಂದ ಒಬ್ಬ ದೊಡ್ಡ ಅಧಿಕಾರಿ ಫೋನ್ ಮಾಡಿ, ಪುಸ್ತಕ ನಮ್ಮ ಕಡೆ ಐತಿ, ಅರ್ಜಿ ವ್ಯಾಳ್ಯಾಕ ಬಂದೈತಿ ಅಂತ ಹೇಳ್ಲಿ, ಬರೇ ಲೈಸೆನ್ಸಿನ ಷರತ್ತು ಮುರದಾರ ಅಂತ ಬರಕೊಂಡು ಇಲ್ಲೇ ಜಾಮೀನು ಕೊಡ್ತೀನಿ ಅಂತಾನ. ಇಲ್ಲಾಂದ್ರ ಮುಂಜಾನೆ ನ್ಯಾಯಾಧೀಶರ ಮುಂದ ನಿಲ್ಲಸ್ತಾರ. ಅಲ್ಲಿಂದ ಜೇಲು." ನನ್ನ ಗಂಡ ಸರಕಾರಿ ಶಾಲೆಯ ಮಾಸ್ತರರು. ನಲವತ್ತೆಂಟು ತಾಸು ಒಳಗಿದ್ದರೆ ಅಮಾನತು. ಈಗಾಗಲೇ ಹತ್ತು ತಾಸು ಕಳೆದಿವೆ.

ಇನ್ನು ಬೆಳಗಾದರೆ ವಿಜಯದಶಮಿ, ಕಚೇರಿಗೆ ಬೀಗ. ಮೊನ್ನೆ ರಜೆಗೆ ಮುಂಚೆ ನಿಮ್ಮ ಕಚೇರಿಯಲ್ಲೂ ಆಯುಧಪೂಜೆ ಆಗಿರಬೇಕು. ಜೀಪಿಗೆ ಬಾಳೆಕಂದು, ಕಂಪ್ಯೂಟರಿಗೆ ವಿಭೂತಿ, ಕಪಾಟಿಗೆ ಕುಂಕುಮ. ಆ ಕಪಾಟಿನೊಳಗೆ ನಮ್ಮ ಪುಸ್ತಕವೂ ಇತ್ತಲ್ಲ, ಅದಕ್ಕೂ ಪೂಜೆ ಸಂದಿತು ಎಂದು ಸಮಾಧಾನ ಪಡಲೇ? ಕಾಯಿದೆ ಗೊತ್ತಿಲ್ಲದವರು ಕೇಳದೆಯೇ ದಾಟುತ್ತಾರೆ, ಸಿಕ್ಕಿಬೀಳುವುದೂ ಅಪರೂಪ. ಕಾಯಿದೆಗೆ ಹೆದರಿ ಪುಸ್ತಕ ತಂದೊಪ್ಪಿಸಿದವನ ಕೈ ಬರಿದಾಗುತ್ತದೆ. ಆ ಪುಸ್ತಕ ನಿಮಗೆ ಕೊಡದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ತೋರಿಸಲು ಏನಾದರೂ ಇರುತ್ತಿತ್ತು. ಕಾಗವಾಡದಿಂದ ನಿಪ್ಪಾಣಿಯವರೆಗೆ ಗಡಿಯುದ್ದಕ್ಕೂ ಇರುವ ನಮ್ಮಂಥವರಿಗೆ ನೀವು ಕಲಿಸಬೇಕೆಂದಿರುವ ಪಾಠ ಇದೇನೆ?

ಒಪ್ಪಿಗೆಯಿಲ್ಲದೆ ಒಯ್ದದ್ದು ತಪ್ಪು. ಅದಕ್ಕೆ ದಂಡ ಹಾಕಿ, ಬಂದೂಕು ಬೇಕಾದರೆ ಇಟ್ಟುಕೊಳ್ಳಿ, ಮುಂದಿನ ವರ್ಷ ಕಂಬಳಿಯ ಮೇಲೆ ಅದರ ಬದಲು ಕುಡಗೋಲು ಇಡುತ್ತೇವೆ. ಆದರೆ ಮಾಡದ ಅಪರಾಧವನ್ನು ಅವರ ಹಣೆಗೆ ಹಚ್ಚಬೇಡಿ. ನಾನು ಬೇಡುತ್ತಿರುವುದು ದಯೆಯಲ್ಲ. ನಿಮ್ಮ ಕಪಾಟಿನಲ್ಲಿ ಏನಿದೆ ಎಂಬ ನಿಜವನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ.

ಪಾವತಿಯ ಫೋಟೋ, ಠಾಣೆಯ ನಂಬರು ಎರಡನ್ನೂ ರಾತ್ರಿ ಹತ್ತೂವರೆಗೇ ನಿಮ್ಮ ವಾಟ್ಸಾಪಿಗೆ ಕಳಿಸಿದ್ದೇನೆ. ನೀಲಿ ಗೆರೆ ಇನ್ನೂ ಮೂಡಿಲ್ಲ. ಆದ್ದರಿಂದ ಈ ಪತ್ರವನ್ನು ಪತ್ರಿಕೆಯವರಿಗೂ, ಕೈಗೆ ಸಿಕ್ಕ ಗುಂಪುಗಳಿಗೆಲ್ಲ ಕಳಿಸುತ್ತಿದ್ದೇನೆ. ಓದಿದವರಲ್ಲಿ ಯಾರಿಗಾದರೂ ಈ ಅಧಿಕಾರಿಗಳ ಮನೆ ಗೊತ್ತಿದ್ದರೆ, ದಯವಿಟ್ಟು ಬಾಗಿಲು ಬಡಿದು ಎಬ್ಬಿಸಿ.

ಸ್ವಾಮಿ, ನಿಮಗೆ ಎಚ್ಚರವಾದಾಗ ಬಾಯಾರಿರುತ್ತದೆ. ಒಂದು ಲೋಟ ನೀರು ಕುಡಿಯಿರಿ. ಸೂರ್ಯ ಹುಟ್ಟುವವರೆಗೆ ಅವರು ಅದನ್ನೂ ಮುಟ್ಟುವುದಿಲ್ಲ. ಲೋಟ ಕೆಳಗಿಟ್ಟು ಫೋನ್ ಎತ್ತಿ. ಬೆಳಗಾಗುವುದರೊಳಗೆ ಮಾಡಿ.

ಇಂತಿ,
ನಿಮ್ಮ ಪಾವತಿಯನ್ನು ಲೈಸೆನ್ಸ್ ಎಂದು ನಂಬಿದವಳು,
ಬ್ರಾಹ್ಮಿ ಸಮ್ಮೇದ ಪಾಟೀಲ
ಶೇಡಬಾಳ