ನನ್ನ ಮಗನನ್ನು ನನ್ನ ಮನೆಗೇ ಅಪಹರಿಸಿದವಳ ಪರವಾಗಿ

ಮಾನ್ಯ ತನಿಖಾಧಿಕಾರಿಗಳೇ,

ನಿಮ್ಮ ಠಾಣೆಯ ದಾಖಲೆಯ ಪ್ರಕಾರ ನನ್ನ ಮಗ ಅಪಹರಣಕ್ಕೆ ಒಳಗಾಗಿದ್ದಾನೆ. ಅಪಹರಿಸಿದವಳು ಅವನ ಸಹಪಾಠಿ, ಮಸ್ಕಿಯ ಶಿವಕುಮಾರಿ. ಅವನು ಪತ್ತೆಯಾದ ಸ್ಥಳ ಬಳಗಾನೂರಿನಲ್ಲಿರುವ ನನ್ನ ಸ್ವಂತ ಮನೆ. ನಿಮ್ಮ ಜೀಪು ಬಂದು ಅವನನ್ನು ರಕ್ಷಿಸಿದಾಗ ಅವನು ತನ್ನ ತಾಯಿ ಪಕೀರಮ್ಮ ಬಡಿದ ರೊಟ್ಟಿ ತಿನ್ನುತ್ತಿದ್ದ. ಅಪಹರಿಸಿದವಳು ಪಕ್ಕದಲ್ಲಿ ಕುಳಿತು ಇನ್ನಷ್ಟು ಶೇಂಗಾ ಚಟ್ನಿ ಹಾಕಿಸಿಕೊಳ್ಳುತ್ತಿದ್ದಳು. ಈ ಪ್ರಕರಣ ಕೈಬಿಡಿ ಎಂದು ಠಾಣೆಗೆ ಬಂದು ಕೇಳಿಕೊಂಡೆ. ಸಂತ್ರಸ್ತನ ತಂದೆ ಆಘಾತದಲ್ಲಿದ್ದಾನೆಂದು ತಿಳಿದು ನನಗೆ ನೀರು ಕುಡಿಸಿ ಕಳಿಸಿದಿರಿ. ಆದ್ದರಿಂದ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಸಂತ್ರಸ್ತ ಮಗುವಿನ ಗುರುತು ಬಯಲಾಗಬಾರದು ಎಂಬ ಕಾಯ್ದೆ ಇದೆಯಂತೆ. ಅದಕ್ಕೆ ತಲೆಬಾಗಿ ಅವನ ಹೆಸರು ಬದಲಿಸಿ ರಾಜೇಶ ಎಂದು ಬರೆಯುತ್ತೇನೆ. ನನಗಿರುವವನು ಒಬ್ಬನೇ ಮಗ ಎಂಬುದನ್ನು ಊರಿನವರು ದಯವಿಟ್ಟು ಮರೆಯಬೇಕು.

ರಾಜೇಶ ಮತ್ತು ಶಿವಕುಮಾರಿ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಿದ್ದವರು. ಒಂದೇ ಬಸ್ಸು, ಒಂದೇ ತರಗತಿ. ಇಬ್ಬರಲ್ಲಿ ಪ್ರೀತಿ ಇತ್ತೇ ಎಂದು ನೀವು ಕೇಳಿದಿರಿ. ಇತ್ತು. ಅವಳ ಹೆಸರು ಬಂದರೆ ನನ್ನ ಮಗ ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತಾ ಕೂರುತ್ತಿದ್ದ. ಇದನ್ನು ಕಂಡುಹಿಡಿಯಲು ತನಿಖೆ ಬೇಕಿರಲಿಲ್ಲ. ಕಳೆದ ಶ್ರಾವಣದವರೆಗೆ ಇಬ್ಬರೂ ಕಾನೂನಿನ ಕಣ್ಣಿಗೆ ಮಕ್ಕಳೇ. ಶ್ರಾವಣದಲ್ಲಿ ಅವಳಿಗೆ ಹದಿನೆಂಟು ತುಂಬಿತು. ಇವನಿಗೆ ತುಂಬುವುದು ಯುಗಾದಿಯ ಹೊತ್ತಿಗೆ. ನಡುವಿನ ಈ ಕೆಲವು ತಿಂಗಳಲ್ಲಿ ಅವಳು ಪ್ರೌಢ ಮಹಿಳೆ, ಇವನು ಹಸುಗೂಸು.

ದೀಪಾವಳಿಯ ನಂತರದ ಒಂದು ರವಿವಾರ, ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿರುವ ಸಹಪಾಠಿ ಮೇಘಾ ಗೆಳೆಯರನ್ನು ಮನೆಗೆ ಊಟಕ್ಕೆ ಕರೆದಿದ್ದಳು. ಶಿವಕುಮಾರಿ ತನ್ನ ತಂದೆಯ ಸ್ಕೂಟಿ ತೆಗೆದುಕೊಂಡು ಮಸ್ಕಿಯಿಂದ ನೇರವಾಗಿ ನನ್ನ ಕಿರಾಣಿ ಅಂಗಡಿಗೆ ಬಂದಳು. ಗಾಡಿಯಿಂದ ಇಳಿದು ನನ್ನನ್ನೇ ಕೇಳಿದಳು: "ಕಾಕಾರ, ರಾಜೇಶನ್ನ ಕರ್ಕೊಂಡು ಹೋಗ್ತೀನ್ರಿ. ಸಂಜಿಗೆ ತಂದು ಬಿಡ್ತೀನಿ." ಸಾವಕಾಶ ಹೋಗಿಬರ್ರಿ ಎಂದೆ. ಅಪಹರಣಕ್ಕೆ ಮುಂಚೆ ತಂದೆಯ ಅಪ್ಪಣೆ ಕೇಳುವ ಪದ್ಧತಿ ನಿಮ್ಮ ಇಲಾಖೆಯ ಅನುಭವದಲ್ಲಿ ಎಷ್ಟು ಸಲ ಬಂದಿದೆಯೋ ನನಗೆ ತಿಳಿಯದು.

ಊಟವಾಯಿತು. ಬರುವಾಗ ಗಾಡಿ ಪಂಕ್ಚರ್ ಆಯಿತು. ಅಂಗಡಿ ಹುಡುಕುತ್ತಾ ಗಾಡಿ ತಳ್ಳುವಷ್ಟರಲ್ಲಿ ಇಬ್ಬರ ಮೊಬೈಲೂ ಸತ್ತಿದ್ದವು. ಪಂಕ್ಚರ್ ತೆಗೆಸಿ ನನ್ನ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು, ಪಕೀರಮ್ಮ ಇಬ್ಬರನ್ನೂ ರೊಟ್ಟಿಗೆ ಕೂರಿಸಿದಳು. ಅತ್ತ ಮಸ್ಕಿಯಲ್ಲಿ ಶಿವಕುಮಾರಿಯ ತಂದೆ ಕರಿಬಸಯ್ಯನವರು ಕತ್ತಲಾದರೂ ಮಗಳು ಬರಲಿಲ್ಲವೆಂದು ಹೌಹಾರಿದರು. ಅವರದು ಬಟ್ಟೆ ಅಂಗಡಿ, ಮನೆಯಲ್ಲಿ ನಿತ್ಯ ಲಿಂಗಪೂಜೆ. ಅವರು ಅಯ್ಯನವರು, ನಾವು ಅಲ್ಲ. ಈ ಸೀಮೆಯವರಿಗೆ ಇಷ್ಟು ಹೇಳಿದರೆ ಸಾಕು. ಬಳಗಾನೂರಿನ ರಾಜೇಶ ನನ್ನ ಮಗಳನ್ನು ಪುಸಲಾಯಿಸಿ ನನ್ನ ಸ್ಕೂಟಿಯ ಮೇಲೆ ಓಡಿಸಿಕೊಂಡು ಹೋಗಿದ್ದಾನೆ ಎಂದು ಅವರು ನಿಮ್ಮಲ್ಲಿ ದೂರು ಬರೆದುಕೊಟ್ಟರು. ಮಗಳನ್ನು ಕಾಣದ ತಂದೆಯ ಗಾಬರಿ ಅದು. ನಾನು ದೂಷಿಸುವುದಿಲ್ಲ.

ದೂಷಿಸಬೇಕಾದದ್ದು ಅನಂತರ ಠಾಣೆಯಲ್ಲಿ ನಡೆದದ್ದನ್ನು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಇಬ್ಬರ ಆಧಾರ್ ಕಾರ್ಡು ನೋಡಿದಿರಿ. ನಿಮ್ಮ ಹುಬ್ಬು ಮೇಲಕ್ಕೇರಿತು. ಹುಡುಗಿ ವಯಸ್ಕಳು. ತನಗೆ ಬೇಕಾದಲ್ಲಿಗೆ ಹೋಗಬಹುದು, ಅವಳನ್ನು ಯಾರೂ ಅಪಹರಿಸಿದಂತಾಗಲಿಲ್ಲ. ಇಲ್ಲಿಗೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ದೂರು ಆಗಲೇ ದಾಖಲಾಗಿತ್ತು. ಅದು ಯಾರ ತಲೆಯ ಮೇಲಾದರೂ ಬೀಳಲೇಬೇಕಿತ್ತು. ಹದಿನೆಂಟು ತುಂಬದ ಮಗುವೊಂದನ್ನು ವಯಸ್ಕರೊಬ್ಬರು ಊರಿಂದೂರಿಗೆ ಒಯ್ದಿದ್ದಾರಲ್ಲ ಎಂದು ನಿಮಗೆ ಹೊಳೆಯಿತು. ಗಾಡಿ ಹೊಡೆದದ್ದು ಯಾರು ಎಂದು ಕೇಳಿದಿರಿ.

"ನಾನ್ರೀ ಹೊಡದಾಕಿ. ಅವಗ ಲೈಸನ್ಸ್ ಇಲ್ಲ, ಇನ್ನಾ ಹದಿನೆಂಟು ಆಗಿಲ್ರಿ," ಎಂದಳು ಶಿವಕುಮಾರಿ.

ಕಾನೂನು ಪಾಲಿಸಿದೆನೆಂಬ ಹೆಮ್ಮೆಯಿಂದಲೇ ಅವಳು ಹೇಳಿದಳು. ಲೈಸನ್ಸನ್ನೂ ತೆಗೆದು ತೋರಿಸಿದಳು. ನೀವು ಅದನ್ನು ತಪ್ಪೊಪ್ಪಿಗೆಯೆಂದು ಬರೆದುಕೊಂಡಿರಿ. ನನ್ನ ಮಗ ಗಾಡಿ ಹೊಡೆದಿದ್ದರೆ ಅಪ್ರಾಪ್ತನಿಗೆ ಗಾಡಿ ಕೊಟ್ಟರೆಂದು ಹಿರಿಯರ ಮೇಲೆ ಕೇಸು. ಅವಳು ಹೊಡೆದರೆ ಅಪಹರಣ. ಇಬ್ಬರೂ ಸೇರಿ ತಳ್ಳಿಕೊಂಡು ಹೋಗಬೇಕಿತ್ತೇ? ಸ್ವಲ್ಪ ದೂರ ಹಾಗೂ ಮಾಡಿದ್ದರಲ್ಲ! ಇನ್ನೊಂದು ದೊಡ್ಡ ಕಾಯ್ದೆಯನ್ನೂ ಹಚ್ಚಬಹುದು ಎಂದು ಹೆದರಿಸಿದಿರಿ. ಊಟ ಬಿಟ್ಟರೆ ಮತ್ತೇನೂ ನಡೆದಿಲ್ಲವೆಂದು ಮೇಘಾಳ ತಾಯಿಯೇ ಬಂದು ಹೇಳಿದ ಮೇಲೆ ಅದನ್ನು ಕೈಬಿಟ್ಟಿರಿ. ಅಷ್ಟು ದಯೆಗೆ ಕೃತಜ್ಞ.

ಸಂತ್ರಸ್ತನ ವಿಷಯಕ್ಕೆ ಬರುತ್ತೇನೆ. ನನ್ನ ಅಂಗಡಿಯಲ್ಲಿ ಅಕ್ಕಿ ಮೂಟೆಯನ್ನು ಹೆಗಲ ಮೇಲೆ ಎತ್ತಿಡುವ, ಮೀಸೆ ಬಂದ ಆ ಮಗುವನ್ನು ಮಕ್ಕಳ ಸಮಿತಿಯ ಮುಂದೆ ನಿಲ್ಲಿಸಲು ರಾಯಚೂರಿಗೆ ಒಯ್ದರು. ಅಲ್ಲಿ ಸಮಿತಿಯ ಒಬ್ಬ ತಾಯಿ ಹೆದರಬೇಡ ಪುಟ್ಟಾ ಎಂದು ಚಾಕಲೇಟು ಕೊಟ್ಟು, ಅವಳು ನಿನ್ನನ್ನು ಹೇಗೆ ಕರೆದೊಯ್ದಳು ಎಂದು ವಿಚಾರಿಸಿದರು. ಅವನು ತಲೆ ತಗ್ಗಿಸಿ, "ಒಯ್ದಿಲ್ರಿ, ನಾನ ಹಿಂದ ಹತ್ತಿ ಕುಂತೀನಿ," ಎಂದನಂತೆ. ಮಗುವಿನ ಮನಸ್ಸನ್ನು ಕೆಡಿಸಲಾಗಿದೆ ಎಂದು ಬರೆದು ಕೆಲವು ದಿನ ಬಾಲಮಂದಿರದಲ್ಲಿ ಇರಿಸಿಕೊಂಡರು. ಮನೆಗೆ ಬಂದವನು ತಾಯಿಯ ಮುಂದೆ ಅತ್ತ. ಬಾಲಮಂದಿರಕ್ಕಾಗಿ ಅಲ್ಲ, ತನ್ನಿಂದ ಅವಳು ಆರೋಪಿಯಾದಳಲ್ಲ ಎಂದು.

ಕರಿಬಸಯ್ಯನವರ ಸ್ಥಿತಿಯನ್ನಂತೂ ನೀವು ನೋಡಿದ್ದೀರಿ. ದೂರುದಾರ ಅವರು, ಆರೋಪಿ ಅವರ ಮಗಳು, ಕೃತ್ಯಕ್ಕೆ ಬಳಸಿದ ವಾಹನವೆಂದು ಜಪ್ತಿಯಾಗಿ ನಿಮ್ಮ ಅಂಗಳದಲ್ಲಿ ತುಕ್ಕು ಹಿಡಿಯುತ್ತಿರುವುದು ಅವರದೇ ಸ್ಕೂಟಿ. ಅಂದು ಅವರು ಕೈಮುಗಿದು, "ಮಗಳನ್ನ ಹುಡುಕಿ ಕೊಡ್ರಿ ಅಂದಿದ್ದೆ ಸಾಹೇಬ್ರ, ಹಿಡಕೊಂಡು ಹೋಗ್ರಿ ಅಂದಿದ್ದಿಲ್ಲ," ಎಂದಾಗ ನಿಮ್ಮ ಸಿಬ್ಬಂದಿ ಕೂಡ ಗೋಡೆಯ ಕಡೆ ತಿರುಗಿದರು. ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದರೆ ರಾಜಿಯಾಗುವ ಕಲಮು ಇದಲ್ಲ ಎಂದಿರಿ.

ಕಾಯ್ದೆಯೇ ಬೇಡ ಎನ್ನುವವನಲ್ಲ ನಾನು. ಸಾಲಗುಂದದಲ್ಲಿ ನಮ್ಮ ಸಂಬಂಧಿಕರು ಇನ್ನೂ ಲಂಗ ಬಿಡದ ಹುಡುಗಿಯನ್ನು ಮುದಿ ಗಂಡಸಿಗೆ ಕಟ್ಟಲು ಹಂದರ ಹಾಕಿದ್ದಾಗ ಇಂಥದೇ ಕಾಯ್ದೆ ಹಿಡಿದು ಬಂದ ಅಧಿಕಾರಿಣಿ ಅದನ್ನು ನಿಲ್ಲಿಸಿದರು. ಆ ಹುಡುಗಿ ಈಗ ಓದುತ್ತಿದ್ದಾಳೆ. ಹದಿನೆಂಟರ ಗೆರೆ ಇರಲಿ, ಗಟ್ಟಿಯಾಗಿಯೇ ಇರಲಿ. ಆದರೆ ಕೈಹಿಡಿದು ಜೊತೆಗೆ ಬೆಳೆದವರಲ್ಲಿ ಒಬ್ಬಳು ಆ ಗೆರೆಯನ್ನು ನಾಲ್ಕು ದಿನ ಮುಂಚೆ ದಾಟಿದಳೆಂದರೆ ಅವಳು ಬೇಟೆಗಾರ್ತಿ ಆಗುತ್ತಾಳೆಯೇ? ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಒಯ್ದರೆ ಅಪರಾಧ ಎಂದು ನೀವೇ ಓದಿ ಹೇಳಿದಿರಿ. ತಂದೆ ನಾನು. ಒಪ್ಪಿದ್ದೆ. ಹೇಳಿಕೆ ಬರೆದುಕೊಳ್ಳಿ ಎಂದರೆ, ಕೋರ್ಟಿನಲ್ಲಿ ಹೇಳುವಿರಂತೆ ಎಂದಿರಿ. ಕೋರ್ಟಿನ ಸರದಿ ಬರುವಷ್ಟರಲ್ಲಿ ಈ ಮಗುವಿಗೇ ಮಕ್ಕಳಾಗಿರುತ್ತವೆ.

ಶಿವಕುಮಾರಿಗೆ ಜಾಮೀನು ಸಿಕ್ಕಿದೆ. ಆದರೆ ಸಂತ್ರಸ್ತನ ಎದುರಿಗೆ ಬರಕೂಡದು ಎಂಬ ಷರತ್ತು. ಒಂದೇ ತರಗತಿಯಾದ್ದರಿಂದ ಕೇಸು ಮುಗಿಯುವವರೆಗೆ ಮನೆಯಲ್ಲೇ ಇರು ಎಂದು ಕಾಲೇಜಿನವರು ಅವಳಿಗೇ ಹೇಳಿದರು. ನರ್ಸಿಂಗ್ ಓದಬೇಕೆಂದಿದ್ದ ಹುಡುಗಿ ಈಗ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದಾಳೆ. ಮಾರ್ಚಿನಲ್ಲಿ ಪರೀಕ್ಷೆ.

ನಿಮ್ಮ ತನಿಖೆಯ ಫಲವನ್ನೂ ತಿಳಿಸಿಬಿಡುತ್ತೇನೆ. ನನ್ನ ಮನೆಯಲ್ಲಿ ಹಿಂದೆ ನೀರು ಸಹ ಮುಟ್ಟದಿದ್ದ ಕರಿಬಸಯ್ಯನವರು ಈಗ ವಾರಕ್ಕೊಮ್ಮೆ ಬಸ್ಸು ಹತ್ತಿ ಬಳಗಾನೂರಿಗೆ ಬರುತ್ತಾರೆ. ಪಕೀರಮ್ಮ ಕೊಟ್ಟ ಚಹಾ ಕುಡಿಯುತ್ತಾರೆ. ನನ್ನ ಮಗನ ನೋಟ್ಸು ಝೆರಾಕ್ಸ್ ಮಾಡಿಸಿಕೊಂಡು ಮಗಳಿಗೆ ಒಯ್ಯುತ್ತಾರೆ. ಹಾಳೆಗಳ ನಡುವೆ ಏನಾದರೂ ಚೀಟಿ ಇರುತ್ತದೆಯೋ ಏನೋ, ಅವರೂ ಬಿಚ್ಚಿ ನೋಡುವುದಿಲ್ಲ, ನಾನೂ ನೋಡಿಲ್ಲ. ಷರತ್ತು ಮುರಿದರೆಂದು ನೀವು ಕೇಸು ಹಾಕುವುದಾದರೆ ಈ ಇಬ್ಬರು ಮುದುಕರ ಮೇಲೆ ಹಾಕಿ. ನಮ್ಮಿಬ್ಬರಿಗೂ ಹದಿನೆಂಟು ಎಂದೋ ದಾಟಿದೆ.

ನನ್ನ ಬೇಡಿಕೆ ಚಿಕ್ಕದು. ನನ್ನ ಹೇಳಿಕೆ ಬರೆದುಕೊಂಡು, ಪರೀಕ್ಷೆಗೆ ಮುಂಚೆ ಬಿ ರಿಪೋರ್ಟ್ ಹಾಕಿ ಈ ಪ್ರಕರಣ ಮುಗಿಸಿ. ಆ ಹುಡುಗಿಗೆ ಹಾಲ್ ಟಿಕೆಟ್ ಸಿಗಲಿ. ನನ್ನ ಮಗ ಬೇರೆ ಕೋಣೆಯಲ್ಲಿ, ಬೇರೆ ಊರಿನಲ್ಲಿ ಬೇಕಾದರೂ ಪರೀಕ್ಷೆ ಬರೆಯುತ್ತಾನೆ. ಅವನೇ ಹಾಗೆ ಬರೆಯಿರೆಂದು ನನಗೆ ಹೇಳಿದ್ದಾನೆ.

ಇಂತಿ,
ಸಂತ್ರಸ್ತನ ತಂದೆಯಾಗಿದ್ದೂ ಆರೋಪಿಯ ಕಡೆಯ ಮೊದಲ ಸಾಕ್ಷಿಯಾಗಿ ನಿಲ್ಲಲಿರುವ
ಹುಸೇನಪ್ಪ, ಕಿರಾಣಿ ವ್ಯಾಪಾರಿ, ಬಳಗಾನೂರು